ಮೆಕ್ಕೆಜೋಳದ ಹೊಲಕ್ಕೊಂದು ಮಳೆ–ತಾಪದ ದಾಖಲೆ ಪೆಟ್ಟಿಗೆ: ಕಟ್ಟಿದ್ದು, ಕೆಟ್ಟದ್ದು, ತಿದ್ದಿದ್ದು

ಒಂದೇ ಹೊಲದ ಎರಡು ಹಂಗಾಮುಗಳ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹುಟ್ಟಿದ ಗೊಂದಲವೇ ಈ ಕೆಲಸಕ್ಕೆ ಕಾರಣ. ಎರಡರಲ್ಲೂ ಬಿದ್ದ ಒಟ್ಟು ಮಳೆ ಹೆಚ್ಚುಕಡಿಮೆ ಒಂದೇ ಆಗಿತ್ತು, ಸರಾಸರಿ ತಾಪಮಾನದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಬೀಜ, ಗೊಬ್ಬರ, ಸಾಲಿನ ಅಂತರ ಯಾವುದನ್ನೂ ನಾನು ಬದಲಿಸಿರಲಿಲ್ಲ. ಆದರೂ ಎರಡನೆಯ ಹಂಗಾಮಿನಲ್ಲಿ ಮೆಕ್ಕೆಜೋಳದ ತೆನೆಗಳ ತುದಿ ಬೋಳಾಗಿತ್ತು, ನಡುವೆಯೂ ಅಲ್ಲಲ್ಲಿ ಕಾಳು ಕಟ್ಟದೆ ಸಾಲುಗಳು ಹಲ್ಲು ಬಿದ್ದಂತೆ ಕಾಣುತ್ತಿದ್ದವು. ನನ್ನ ಬಳಿ ಇದ್ದ ಹವಾಮಾನದ ಅಂಕಿಗಳು ದೂರದ ಕೇಂದ್ರವೊಂದರಲ್ಲಿ ಅಳೆದವು, ಅವೂ ತಿಂಗಳ ಮೊತ್ತಗಳು. ಗಿಡಕ್ಕೆ ತಿಂಗಳ ಮೊತ್ತದ ಗೊಡವೆಯಿಲ್ಲ. ಇವತ್ತು ಬೇರಿನ ಸುತ್ತ ಎಷ್ಟು ನೀರಿದೆ, ಈ ಮಧ್ಯಾಹ್ನ ಎಷ್ಟು ಗಂಟೆ ಕಾಲ ಗಾಳಿ ಎಷ್ಟು ಬಿಸಿಯಾಗಿತ್ತು ಎಂಬಷ್ಟೇ ಅದಕ್ಕೆ ತಾಗುತ್ತದೆ. ಆದ್ದರಿಂದ ಹೊಲದ ಅಂಚಿನಲ್ಲೇ ನಿಂತು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಒಂದು ಪೆಟ್ಟಿಗೆಯನ್ನು ಕಟ್ಟಲು ನಿರ್ಧರಿಸಿದೆ. ಹೋಲಿಕೆಗಾಗಿ ಹೊಲವನ್ನು ಮೂರು ತಾಕುಗಳಾಗಿ ವಿಂಗಡಿಸಿ, ಹದಿನೈದು ದಿನಗಳ ಅಂತರದಲ್ಲಿ ಒಂದೇ ತಳಿಯನ್ನು ಬಿತ್ತುವ ಯೋಜನೆ ಹಾಕಿಕೊಂಡೆ. ಕೆಳಗಿನ ದಿನಗಳ ಎಣಿಕೆಯೆಲ್ಲ ಮೊದಲ ತಾಕಿನ ಬಿತ್ತನೆಯ ದಿನದಿಂದ.

ಬಿತ್ತನೆಗೆ 30 ದಿನ ಮೊದಲು: ಮಳೆಮಾಪಕ

ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಅಳೆಯುವುದು ಹಳೆಯ ವಿದ್ಯೆ. ಕೊರಿಯಾದಲ್ಲಿ ರಾಜ ಸೇಜೊಂಗನ ಕಾಲದಲ್ಲಿ, 1441ರ ಸುಮಾರಿಗೇ, ಒಂದೇ ಅಳತೆಯ ಮಳೆಮಾಪಕಗಳು ಬಳಕೆಗೆ ಬಂದಿದ್ದವು. ಆದರೆ ಎಷ್ಟು ಮಳೆ ಬಿತ್ತು ಎಂಬುದರ ಜೊತೆಗೆ ಯಾವಾಗ ಬಿತ್ತು ಎಂಬುದೂ ನನಗೆ ಬೇಕಿತ್ತು. ಹಾಗಾಗಿ ತೊನೆಯುವ ಬಟ್ಟಲಿನ ಮಾದರಿಯನ್ನು ಆರಿಸಿಕೊಂಡೆ. ಆಲಿಕೆಯಿಂದ ಇಳಿದ ನೀರು ಒಂದು ಪುಟ್ಟ ಬಟ್ಟಲನ್ನು ತುಂಬುತ್ತದೆ, ತುಂಬಿದ ಕೂಡಲೇ ಅದು ಏತದಂತೆ ಒಂದು ಕಡೆಗೆ ವಾಲಿ ಚೆಲ್ಲುತ್ತದೆ, ಇನ್ನೊಂದು ಕಡೆಯ ಬಟ್ಟಲು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ವಾಲುವಾಗ ಬಟ್ಟಲಿಗೆ ಅಂಟಿಸಿದ ಆಯಸ್ಕಾಂತವೊಂದು ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದಾಗ ತಾನೇ ಕೂಡಿಕೊಳ್ಳುವ ಸ್ವಿಚ್ಚು) ಎದುರು ಹಾದುಹೋಗುವುದರಿಂದ ಪ್ರತಿ ವಾಲುವಿಕೆಗೂ ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಒಂದು ಸಂಕೇತ ಸಿಗುತ್ತದೆ.

ಆಲಿಕೆಯ ಬಾಯಿಯ ವ್ಯಾಸ 20 ಸೆಂ.ಮೀ. ಅದರ ವಿಸ್ತೀರ್ಣ 314 ಚದರ ಸೆಂ.ಮೀ. ಆಗುವುದರಿಂದ 1 ಮಿ.ಮೀ. ಮಳೆಯೆಂದರೆ 31.4 ಮಿಲಿಲೀಟರ್ ನೀರು. ಒಂದು ವಾಲುವಿಕೆಗೆ 0.2 ಮಿ.ಮೀ. ಎಂದು ಲೆಕ್ಕ ಹಾಕಿದರೆ ಬಟ್ಟಲು 6.28 ಮಿ.ಲೀ.ಗೆ ಮಗುಚಬೇಕು. ಬಟ್ಟಲಿನ ಎರಡೂ ಬದಿಯಲ್ಲಿ ತಡೆಯಾಗಿ ನಿಲ್ಲುವ ತಿರುಪುಮೊಳೆಗಳನ್ನು ಏರಿಸಿ ಇಳಿಸಿ ಈ ಅಳತೆಗೆ ತರಬೇಕಾಗುತ್ತದೆ. ಪರೀಕ್ಷೆಗಾಗಿ 628 ಮಿ.ಲೀ. ನೀರನ್ನು, ಅಂದರೆ 20 ಮಿ.ಮೀ. ಮಳೆಗೆ ಸಮನಾದಷ್ಟನ್ನು, ಸಲೈನ್ ನಳಿಕೆಯ ಮೂಲಕ ಅರ್ಧ ಗಂಟೆಯ ಕಾಲ ಹನಿಹನಿಯಾಗಿ ಬಿಟ್ಟೆ. ನೂರು ಬಾರಿ ವಾಲಬೇಕಿದ್ದ ಬಟ್ಟಲು ಇನ್ನೂರರ ಹತ್ತಿರ ಎಣಿಕೆ ತೋರಿಸಿತು. ಬಟ್ಟಲಿನಲ್ಲಿ ದೋಷವಿರಲಿಲ್ಲ, ರೀಡ್ ಸ್ವಿಚ್ಚಿನ ತಗಡುಗಳು ಒಮ್ಮೆ ಕೂಡುವಾಗ ಎರಡು ಮೂರು ಬಾರಿ ಕಂಪಿಸುತ್ತವೆ, ಬೋರ್ಡು ಪ್ರತಿ ಕಂಪನವನ್ನೂ ಮಳೆಯೆಂದು ಎಣಿಸುತ್ತಿತ್ತು. ಒಂದು ಸಂಕೇತ ಬಂದ ನಂತರ 200 ಮಿಲಿಸೆಕೆಂಡಿನೊಳಗೆ ಬರುವುದನ್ನೆಲ್ಲ ಕಡೆಗಣಿಸುವ ಸಾಲೊಂದನ್ನು ಪ್ರೋಗ್ರಾಮಿಗೆ ಸೇರಿಸಿದ ಮೇಲೆ ಎಣಿಕೆ 91ಕ್ಕೆ ಇಳಿಯಿತು. ತಿರುಪುಗಳನ್ನು ಸ್ವಲ್ಪಸ್ವಲ್ಪವೇ ಸರಿಪಡಿಸಿ ನಾಲ್ಕನೆಯ ಪ್ರಯತ್ನಕ್ಕೆ 99, ಐದನೆಯದಕ್ಕೆ 100 ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ಜಡಿಮಳೆಯ ದಿನ ಮೋಸಹೋಗುತ್ತಿದ್ದೆ. ಅದೇ 628 ಮಿ.ಲೀ. ನೀರನ್ನು ಐದೇ ನಿಮಿಷದಲ್ಲಿ ಸುರಿದಾಗ ಎಣಿಕೆ 92 ಮಾತ್ರ ಬಂತು. ಬಟ್ಟಲು ವಾಲಲು ತೆಗೆದುಕೊಳ್ಳುವ ಅರ್ಧ ಸೆಕೆಂಡಿನಲ್ಲೂ ನೀರು ಇಳಿಯುತ್ತಲೇ ಇರುತ್ತದೆ, ಅದರ ಒಂದು ಪಾಲು ಮಗುಚುತ್ತಿರುವ ಬಟ್ಟಲಿಗೇ ಬಿದ್ದು ಎಣಿಕೆಗೆ ಸಿಗದೆ ಹೋಗುತ್ತದೆ. ಗಂಟೆಗೆ 240 ಮಿ.ಮೀ. ವೇಗದ ಮಳೆ ಕೆಲವು ನಿಮಿಷಗಳಿಗಿಂತ ಹೆಚ್ಚು ಸುರಿಯುವುದು ಅಪರೂಪವಾದ್ದರಿಂದ ದೊಡ್ಡ ತಿದ್ದುಪಡಿಗೆ ಕೈಹಾಕಲಿಲ್ಲ, ಎರಡು ವಾಲುವಿಕೆಗಳ ನಡುವಿನ ಅವಧಿ 4 ಸೆಕೆಂಡಿಗಿಂತ ಕಡಿಮೆಯಿದ್ದರೆ ಆ ಎಣಿಕೆಗೆ ಶೇ 8 ಕೂಡಿಸುವಂತೆ ಮಾಡಿದೆ. ಜೊತೆಗೆ, ಯಾವ ವಿದ್ಯುತ್ತೂ ಬೇಡದ, ಕೈಯಿಂದ ಅಳೆಯುವ ಸಾದಾ ಮಳೆಮಾಪಕವೊಂದನ್ನೂ ಬಯಲಿನಲ್ಲಿ ನೆಟ್ಟೆ. ಈ ಎರಡನೆಯದು ಮುಂದೆ ನನ್ನ ಮಾನ ಉಳಿಸಿತು.

ಬಿತ್ತನೆಗೆ 18 ದಿನ ಮೊದಲು: ತಾಪಮಾನದ ಮನೆ

ಸೆನ್ಸರ್ ಆಗಿ ಡಿಎಸ್18ಬಿ20 ಎಂಬ ತಾಪಮಾನ ಅಳೆಯುವ ಚಿಪ್ಪನ್ನು ಬಳಸಿದೆ. ತಯಾರಕರು ಹೇಳುವ ನಿಖರತೆ ಮೈನಸ್ 10ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಅರ್ಧ ಡಿಗ್ರಿ ಅತ್ತಿತ್ತ. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಮುಳುಗಿಸಿದಾಗ 0 ಬರಬೇಕಾದಲ್ಲಿ 0.4 ತೋರಿಸಿತು. ಸುಮಾರು 35 ಡಿಗ್ರಿಯ ನೀರಿನಲ್ಲಿ ಒಳ್ಳೆಯ ಗಾಜಿನ ಥರ್ಮಾಮೀಟರಿನೊಂದಿಗೆ ಹೋಲಿಸಿದಾಗಲೂ ಅಷ್ಟೇ ಹೆಚ್ಚು ಬಂದಿದ್ದರಿಂದ ಎಲ್ಲ ಅಳತೆಯಿಂದಲೂ 0.4 ಕಳೆಯುವುದೆಂದು ತೀರ್ಮಾನಿಸಿದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ತಲೆ ಏಕೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಬೆಳೆಯ ಸ್ವಭಾವದಲ್ಲಿದೆ. ಉಷ್ಣತೆ ಹೆಚ್ಚಿದಂತೆ ಮೆಕ್ಕೆಜೋಳ ಬೇಗ ಬೆಳೆಯುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. 2009ರಲ್ಲಿ ಶ್ಲೆಂಕರ್ ಮತ್ತು ರಾಬರ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕೌಂಟಿಗಳ ದಶಕಗಳ ಇಳುವರಿಯನ್ನು ದಿನದ ತಾಪಮಾನದೊಂದಿಗೆ ತಾಳೆ ಹಾಕಿ, ಮೆಕ್ಕೆಜೋಳಕ್ಕೆ 29 ಡಿಗ್ರಿ, ಸೋಯಾ ಅವರೆಗೆ 30 ಡಿಗ್ರಿ, ಹತ್ತಿಗೆ 32 ಡಿಗ್ರಿಯವರೆಗೆ ಇಳುವರಿ ನಿಧಾನವಾಗಿ ಏರಿ, ಅದನ್ನು ದಾಟಿದ ಮೇಲೆ ಕಡಿದಾಗಿ ಬೀಳುತ್ತದೆ ಎಂದು ತೋರಿಸಿದರು. ಏರು ಸಪಾಟು, ಇಳಿಜಾರು ಕಡಿದು. ಹಾಗಾಗಿ ಎಣಿಸಬೇಕಾದದ್ದು ಸರಾಸರಿಯನ್ನಲ್ಲ, 29ನ್ನು ದಾಟಿದ ಗಂಟೆಗಳನ್ನು.

ಕಾಗದದ ಮೇಲೆ ಒಂದು ಲೆಕ್ಕ ಮಾಡಿ ನೋಡಿದೆ. ಒಂದು ದಿನ ಕನಿಷ್ಠ 26, ಗರಿಷ್ಠ 28, ಇನ್ನೊಂದು ದಿನ ಕನಿಷ್ಠ 22, ಗರಿಷ್ಠ 32 ಎಂದಿಟ್ಟುಕೊಂಡರೆ ಎರಡರ ಸರಾಸರಿಯೂ 27. ಮೊದಲ ದಿನ 29 ಡಿಗ್ರಿಯನ್ನು ಮುಟ್ಟುವುದೇ ಇಲ್ಲ. ಎರಡನೆಯ ದಿನದ ಏರಿಳಿತವನ್ನು ಸಮನಾದ ಅಲೆಯೆಂದು ಭಾವಿಸಿದರೆ ಸುಮಾರು ಒಂಬತ್ತು ಗಂಟೆಗಳ ಕಾಲ ಗಾಳಿ 29ಕ್ಕಿಂತ ಬಿಸಿಯಾಗಿರುತ್ತದೆ, ಮಿತಿ ಮೀರಿದ ತಾಪದ ಮೊತ್ತ (29ರ ಮೇಲಿನ ಡಿಗ್ರಿಗಳನ್ನು ಗಂಟೆಗಂಟೆಗೂ ಕೂಡಿಸಿದ್ದು) 17 ಡಿಗ್ರಿ-ಗಂಟೆಗಳಷ್ಟಾಗುತ್ತದೆ. ಈಗ ಸೆನ್ಸರ್ ಕೇವಲ ಒಂದು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎನ್ನೋಣ. ದಿನದ ಸರಾಸರಿಯಿಂದ 10 ಡಿಗ್ರಿ ಕಳೆದು, ಮೇಲ್ಮಿತಿಯಿಲ್ಲದೆ ಎಣಿಸುವ ಬೆಳವಣಿಗೆಯ ಡಿಗ್ರಿ-ದಿನ 17ರಿಂದ 18ಕ್ಕೆ ಏರುತ್ತದೆ, ತಪ್ಪು ಶೇ 6ರಷ್ಟು. ಆದರೆ 29ರ ಮೇಲಿನ ಮೊತ್ತ 17ರಿಂದ 27 ಡಿಗ್ರಿ-ಗಂಟೆಗೆ ನೆಗೆಯುತ್ತದೆ, ತಪ್ಪು ಶೇ 50ಕ್ಕೂ ಹೆಚ್ಚು. ಮಿತಿಯ ಹತ್ತಿರ ಆಡುವ ಅಂಕಿಗೆ ಈ ಗುಣ ಇದ್ದೇ ಇರುತ್ತದೆ. ಸೆನ್ಸರಿನ ಮನೆಯನ್ನು ಕಟ್ಟಲು ಮಳೆಮಾಪಕಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಈ ಕಾರಣಕ್ಕೆ.

ಮೊದಲ ಮನೆ ಬಿಳಿ ಬಣ್ಣ ಬಳಿದ ಪ್ಲಾಸ್ಟಿಕ್ ಡಬ್ಬಿ, ಬದಿಗಳಲ್ಲಿ ತೂತುಗಳು. ನೆರಳಿನಲ್ಲಿ ಬೀಸಣಿಗೆ ಹಾಕಿ ಅಳೆದ ತಾಪಮಾನಕ್ಕಿಂತ ಅದು ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಎರಡೂವರೆ ಡಿಗ್ರಿಯವರೆಗೆ ಹೆಚ್ಚು ತೋರಿಸಿತು. ಡಬ್ಬಿ ತಾನೇ ಬಿಸಿಯಾಗಿ ಒಳಗಿನ ಗಾಳಿಯನ್ನು ಬೇಯಿಸುತ್ತಿತ್ತು. ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1864ರಲ್ಲಿ ವಿವರಿಸಿದ ಜಾಲಂದ್ರದ ಪೆಟ್ಟಿಗೆಯ ಹಿಂದಿರುವ ಯುಕ್ತಿಯೇ ಇಲ್ಲಿಗೂ ಸಾಕು: ಬಿಸಿಲು ಒಳಗೆ ಬರಬಾರದು, ಗಾಳಿ ಒಳಗೆ ನಿಲ್ಲಬಾರದು. ಒಂಬತ್ತು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ಮೇಲಿನ ಎರಡನ್ನು ಹಾಗೇ ಬಿಟ್ಟು ಉಳಿದವುಗಳ ನಡುವನ್ನು ವೃತ್ತಾಕಾರವಾಗಿ ಕೊರೆದು, ಮೂರು ಉದ್ದ ಬೋಲ್ಟುಗಳಿಗೆ ಎರಡೆರಡು ಸೆಂ.ಮೀ. ಅಂತರದಲ್ಲಿ ಪೋಣಿಸಿದೆ. ಸೆನ್ಸರ್ ನಡುವಿನ ಟೊಳ್ಳಿನಲ್ಲಿ ಯಾವ ತಟ್ಟೆಗೂ ತಾಗದಂತೆ ತೂಗುತ್ತದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಂಬಕ್ಕೆ ಕಟ್ಟಿದ ಮೇಲೆ ಅದೇ ಹೋಲಿಕೆಯಲ್ಲಿ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಬಂತು.

ಬೋರ್ಡು, ಬ್ಯಾಟರಿ, ಮೆಮೊರಿ ಕಾರ್ಡು, ಗಡಿಯಾರದ ಚಿಪ್ಪುಗಳ ಜೋಡಣೆಯಲ್ಲಿ ಹೇಳುವಂಥ ವಿಶೇಷವೇನೂ ಇಲ್ಲ. ಗಡಿಯಾರದ ಚಿಪ್ಪನ್ನು ಮಾತ್ರ ಬಿಡಬಾರದು, ಬೋರ್ಡಿನ ಸ್ವಂತ ಗಡಿಯಾರ ದಿನಕ್ಕೆ ಕೆಲವು ಸೆಕೆಂಡು ಜಾರುತ್ತ ಜಾರುತ್ತ ಹಂಗಾಮಿನ ಕೊನೆಗೆ ಹಲವು ನಿಮಿಷ ಹಿಂದೆಮುಂದಾಗಿಬಿಡುತ್ತದೆ.

12ನೆಯ ದಿನ: 85 ಡಿಗ್ರಿಯ ಗಾಳಿ

ಮೊದಲ ತಾಕಿನಲ್ಲಿ ಎರಡೆಲೆ ಮೂಡಿದ್ದವು. ಡಿಗ್ರಿ-ದಿನದ ಮೊತ್ತ ನಿರೀಕ್ಷೆಯಂತೆಯೇ ಏರುತ್ತಿತ್ತು. ಶಾಖವನ್ನು ದಿನದಿನಕ್ಕೆ ಕೂಡಿಸಿ ಬೆಳೆಯ ವಯಸ್ಸನ್ನು ಹೇಳುವ ಆಲೋಚನೆ ರೆಯೋಮರ್ ಎಂಬ ಫ್ರೆಂಚ್ ವಿಜ್ಞಾನಿಯದು, 1735ರದು. ಮೆಕ್ಕೆಜೋಳಕ್ಕೆ ಈಗ ಬಳಸುವ ರೂಢಿಯ ಸೂತ್ರದಲ್ಲಿ ಗರಿಷ್ಠವು 30ನ್ನು ದಾಟಿದರೆ 30 ಎಂದೇ, ಕನಿಷ್ಠವು 10ಕ್ಕಿಂತ ಕೆಳಗಿದ್ದರೆ 10 ಎಂದೇ ಹಿಡಿದು, ಎರಡರ ಸರಾಸರಿಯಿಂದ 10ನ್ನು ಕಳೆಯುತ್ತಾರೆ. ಆ ಅಂಕಿ ನೆಟ್ಟಗಿತ್ತು. ಆದರೆ 29ರ ಮೇಲಿನ ತಾಪದ ಅಂಕಣದಲ್ಲಿ, ಮೋಡ ಮುಸುಕಿದ್ದ ಒಂದು ದಿನದ ಎದುರು, ಸುಡುಬಿಸಿಲಿಗೆ ತಕ್ಕಂಥ ಮೊತ್ತ ಕಂಡಿತು.

ಕಚ್ಚಾ ದಾಖಲೆ ತೆರೆದಾಗ ನಾಲ್ಕು ಕಡೆ ಸರಿಯಾಗಿ 85.00 ಡಿಗ್ರಿ ಎಂದು ಬರೆದಿತ್ತು. ಈ ಸೆನ್ಸರಿಗೆ ವಿದ್ಯುತ್ ತಪ್ಪಿ ಮತ್ತೆ ಸಿಕ್ಕಾಗ ಅದರ ಒಳಗಿನ ನೆನಪಿನಲ್ಲಿರುವ ಆರಂಭದ ಮೌಲ್ಯವೇ 85. ಹೊಸ ಅಳತೆ ಮುಗಿಯಲು ಅತಿ ಸೂಕ್ಷ್ಮವಾದ 12 ಬಿಟ್ ಅಳತೆಯಲ್ಲಿ 750 ಮಿಲಿಸೆಕೆಂಡು ಬೇಕು, ಅದಕ್ಕೂ ಮೊದಲೇ ಓದಿದರೂ ಇದೇ ಅಂಕಿ ಸಿಗಬಹುದು. ನನ್ನಲ್ಲಿ ಕಾಯುವ ಸಮಯ ಸರಿಯಿತ್ತು, ತಂತಿಯ ಜೋಡಣೆಯ ಪ್ಲಗ್ಗಿನಲ್ಲಿ ತೇವ ಸೇರಿ ಸಂಪರ್ಕ ಬಿಟ್ಟುಬಿಟ್ಟು ಹಿಡಿಯುತ್ತಿತ್ತು. ಹತ್ತು ನಿಮಿಷದ ಒಂದೇ ಒಂದು ಸುಳ್ಳು ಅಳತೆ 29ರ ಮೇಲಿನ ಮೊತ್ತಕ್ಕೆ 9 ಡಿಗ್ರಿ-ಗಂಟೆಗಿಂತ ಹೆಚ್ಚು ಸೇರಿಸುತ್ತದೆ. ಡಿಗ್ರಿ-ದಿನದ ಸೂತ್ರ ಮಾತ್ರ ಅದನ್ನು 30ಕ್ಕೆ ಕತ್ತರಿಸಿ ಹಾಕಿ ತಪ್ಪನ್ನು ಬಹುಮಟ್ಟಿಗೆ ಮುಚ್ಚಿಟ್ಟಿತ್ತು. ಮೇಲ್ಮಿತಿಯಿರುವ ಸೂತ್ರವೊಂದನ್ನೇ ನೋಡುತ್ತ ಕೂತಿದ್ದರೆ ಈ ಪ್ಲಗ್ಗು ಹಂಗಾಮು ಪೂರ್ತಿ ಹಾಗೇ ಇರುತ್ತಿತ್ತು.

ಪ್ಲಗ್ಗನ್ನು ಕಿತ್ತು ತಂತಿಗಳನ್ನು ನೇರವಾಗಿ ಬೆಸೆದು, ಮೇಲೆ ಕುಗ್ಗುವ ಕೊಳವೆ ಹಾಕಿದೆ. ಪ್ರೋಗ್ರಾಮಿನಲ್ಲಿ 85.00 ಮತ್ತು ಸಂಪರ್ಕ ಕಡಿದಾಗ ಬರುವ ಮೈನಸ್ 127 ಎರಡನ್ನೂ ಖಾಲಿ ಎಂದು ಬರೆಯುವಂತೆ ಬದಲಿಸಿದೆ. ಖಾಲಿ ಜಾಗಕ್ಕೆ ಹಿಂದಿನ ಅಳತೆಯನ್ನು ತುಂಬುವ ಆಸೆಯಾಗಿತ್ತು, ತುಂಬಲಿಲ್ಲ. ಖಾಲಿಯು ಖಾಲಿಯಾಗಿ ಕಂಡರೇ ಮುಂದಿನ ರಿಪೇರಿ ಎಲ್ಲಿ ಎಂಬುದು ತಿಳಿಯುತ್ತದೆ.

31ನೆಯ ದಿನ: ಬೇಗ ಬರಿದಾದ ಬೇರಿನ ತೊಟ್ಟಿ

ಮಳೆಯನ್ನು ಬೆಳೆಗೆ ಸಿಕ್ಕ ನೀರನ್ನಾಗಿ ಪರಿವರ್ತಿಸಲು ಬೇರಿನ ವಲಯವನ್ನು ಒಂದು ತೊಟ್ಟಿಯೆಂದು ಭಾವಿಸಿ ದಿನದ ಜಮಾ-ಖರ್ಚು ಬರೆಯಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1998ರಲ್ಲಿ ಪ್ರಕಟಿಸಿದ, ನೀರಾವರಿಯವರೆಲ್ಲ 56ನೆಯ ಸಂಖ್ಯೆಯೆಂದೇ ಕರೆಯುವ ಕೈಪಿಡಿಯ ವಿಧಾನವನ್ನು ಅನುಸರಿಸಿದೆ. ನನ್ನ ಮಣ್ಣಿನಲ್ಲಿ, ಬಸಿದುಹೋದ ಮೇಲೆ ಉಳಿದು, ಗಿಡ ಬಾಡುವುದರೊಳಗೆ ಹೀರಬಹುದಾದ ನೀರು ಒಂದು ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ಎಂದು ಹಿಡಿದೆ. ಅದರಲ್ಲಿ ಮೆಕ್ಕೆಜೋಳ ಕಷ್ಟಪಡದೆ ಎಳೆದುಕೊಳ್ಳುವುದು ಶೇ 55, ಅಂದರೆ 66 ಮಿ.ಮೀ. ಅದಾದ ಮೇಲೂ ನೀರಿರುತ್ತದೆ, ಆದರೆ ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳತೊಡಗುತ್ತದೆ. ರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ, ಇಂಗಾಲದ ಡೈಆಕ್ಸೈಡೂ ಒಳಗೆ ಬರುವುದಿಲ್ಲ, ಎಲೆ ತಣಿಯುವುದೂ ನಿಲ್ಲುತ್ತದೆ.

ಖರ್ಚಿನ ಬದಿಗೆ ಗಾಳಿಯ ವೇಗ ಮತ್ತು ಸೌರ ವಿಕಿರಣ ಅಳೆಯುವ ಉಪಕರಣ ನನ್ನಲ್ಲಿಲ್ಲ. ಆದ್ದರಿಂದ ಗರಿಷ್ಠ-ಕನಿಷ್ಠ ತಾಪಮಾನಗಳಷ್ಟೇ ಸಾಕಾಗುವ ಹಾರ್‌ಗ್ರೀವ್ಸ್ ಮತ್ತು ಸಮಾನಿ ಅವರ 1985ರ ಸೂತ್ರವನ್ನು ಬಳಸಿದೆ: ಸರಾಸರಿ ತಾಪಮಾನಕ್ಕೆ 17.8 ಕೂಡಿಸಿ, ಗರಿಷ್ಠ-ಕನಿಷ್ಠಗಳ ಅಂತರದ ವರ್ಗಮೂಲದಿಂದ ಗುಣಿಸಿ, ವಾತಾವರಣದ ಮೇಲ್ಗಡೆ ಬೀಳುವ ಸೌರಶಕ್ತಿಯಿಂದ ಗುಣಿಸಿ, 0.0023ರಿಂದ ಗುಣಿಸುವುದು. ಸೌರಶಕ್ತಿಯ ಮೌಲ್ಯ ಅಕ್ಷಾಂಶ ಮತ್ತು ದಿನಾಂಕಕ್ಕೆ ತಕ್ಕಂತೆ ಕೋಷ್ಟಕದಲ್ಲಿ ಸಿಗುತ್ತದೆ.

ನನ್ನ ಹಾಳೆಯ ಪ್ರಕಾರ ಬೆಳೆಯ ಉತ್ತುಂಗದಲ್ಲಿ ತುಂಬಿದ ತೊಟ್ಟಿ ಐದನೆಯ ದಿನ ಬರಿದಾಗಬೇಕಿತ್ತು. ಹೊಲಕ್ಕೆ ಹೋಗಿ ನೋಡಿದರೆ ಆರು ದಿನ ಮಳೆಯಿಲ್ಲದಿದ್ದರೂ ಎಲೆಗಳು ನಡುಮಧ್ಯಾಹ್ನವೂ ಸುರುಳಿ ಸುತ್ತಿಕೊಂಡಿರಲಿಲ್ಲ, ಒಂದು ಗೇಣು ಆಳದ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುತ್ತಿತ್ತು. ಹಾಳೆ ಹೇಳುತ್ತಿದ್ದುದನ್ನು ಹೊಲ ಒಪ್ಪುತ್ತಿರಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಕೋಷ್ಟಕದ ಸೌರಶಕ್ತಿ ಮೆಗಾಜೂಲ್‌ಗಳಲ್ಲಿತ್ತು, ಸೂತ್ರಕ್ಕೆ ಬೇಕಿದ್ದುದು ಅಷ್ಟು ಶಕ್ತಿ ಆವಿ ಮಾಡಬಲ್ಲ ನೀರಿನ ಮಿಲಿಮೀಟರ್‌ಗಳಲ್ಲಿ, ಅಂದರೆ 2.45ರಿಂದ ಭಾಗಿಸಿದ ಅಂಕಿ. ಭಾಗಿಸಿದ ಮೇಲೆ, 22ರಿಂದ 32 ಡಿಗ್ರಿಯ ನಡುವೆ ಆಡುವ ದಿನಕ್ಕೆ, ಸೌರಶಕ್ತಿ 15 ಮಿ.ಮೀ. ಇದ್ದಾಗ, ಖರ್ಚು 12ರ ಬದಲು 4.9 ಮಿ.ಮೀ. ಬಂತು. ಗಿಡ ಪೂರ್ತಿ ಹರಡಿಕೊಂಡಾಗಿನ 1.20ರ ಗುಣಕ ಸೇರಿಸಿದರೆ 5.9. ಹೀಗೆ 66 ಮಿ.ಮೀ. ಹನ್ನೊಂದು ದಿನ ಬರುತ್ತದೆ.

ಈ ಹನ್ನೊಂದು ದಿನ ಎಂಬ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇನೆ. ತುಂಬಿದ ತೊಟ್ಟಿಯ ಮೇಲೆ ಒಂದೇ ದಿನ 60 ಮಿ.ಮೀ. ಸುರಿದರೆ ಅದರಲ್ಲಿ ಬೆಳೆಗೆ ದಕ್ಕುವುದು ಅಂದಿನ ಖರ್ಚಿನ ಆರು ಮಿ.ಮೀ. ಮಾತ್ರ, ಉಳಿದದ್ದು ಹರಿದೋ ಬಸಿದೋ ಹೋಗುತ್ತದೆ. ಅದೇ 60 ಮಿ.ಮೀ. ಐದು ದಿನಕ್ಕೊಮ್ಮೆ ಮೂವತ್ತು ಮೂವತ್ತಾಗಿ ಬಂದರೆ ಹತ್ತು ದಿನದ ಊಟ. ಮಳೆಮಾಪಕದ ಮೊತ್ತ ಎರಡರಲ್ಲೂ ಒಂದೇ.

47ರಿಂದ 64ನೆಯ ದಿನ: ಸೂಲಂಗಿಯ ಹೊಟ್ಟು

47ನೆಯ ದಿನದಿಂದ ಮಳೆ ನಿಂತಿತು. 55ನೆಯ ದಿನ ಮೊದಲ ತಾಕಿನಲ್ಲಿ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಬಿಚ್ಚಿಕೊಂಡಿತು. ತೆನೆಯ ರೇಷ್ಮೆ ಎಳೆಗಳು ಒಂದೆರಡು ದಿನಗಳಲ್ಲಿ ಹೊರಬರಬೇಕಿತ್ತು, ಬಹಳ ಗಿಡಗಳಲ್ಲಿ ಐದಾರು ದಿನ ತಡವಾಯಿತು. ನೀರಿನ ಕೊರತೆಗೆ ಮೆಕ್ಕೆಜೋಳ ತೋರುವ ಪ್ರಸಿದ್ಧ ಲಕ್ಷಣವಿದು. ಪರಾಗ ಹೊತ್ತಿಗೆ ಸರಿಯಾಗಿ ಉದುರಿಬಿಡುತ್ತದೆ, ಅದನ್ನು ಹಿಡಿಯಬೇಕಾದ ಎಳೆ ಆಮೇಲೆ ತಲೆಯೆತ್ತುತ್ತದೆ. ಪ್ರತಿ ಎಳೆಗೆ ಒಂದು ಕಾಳು. ತೆನೆಯ ತುದಿಯ ಎಳೆಗಳು ಎಲ್ಲಕ್ಕಿಂತ ಕೊನೆಗೆ ಬರುವುದರಿಂದ ತುದಿಯೇ ಮೊದಲು ಬೋಳಾಗುತ್ತದೆ. ನನ್ನ ಹಳೆಯ ಬೋಳು ತೆನೆಗಳ ಕಾರಣ ಇಲ್ಲಿ ಕಣ್ಣೆದುರೇ ನಡೆಯುತ್ತಿತ್ತು.

ಅದೇ ಆಹಾರ ಮತ್ತು ಕೃಷಿ ಸಂಘಟನೆಯ 1979ರ ಇನ್ನೊಂದು ಕೈಪಿಡಿಯಲ್ಲಿ ದೋರೆನ್‌ಬೋಸ್ ಮತ್ತು ಕಾಸಮ್ ಈ ಸಂಗತಿಗೆ ಅಂಕಿ ಕೊಟ್ಟಿದ್ದಾರೆ. ಬೆಳೆಗೆ ಬೇಕಾದ ನೀರಿನಲ್ಲಿ ಆದ ಕೊರತೆಯ ಪ್ರಮಾಣವನ್ನು ಒಂದು ಗುಣಕದಿಂದ ಗುಣಿಸಿದರೆ ಇಳುವರಿಯ ನಷ್ಟದ ಪ್ರಮಾಣ ಸಿಗುತ್ತದೆ. ಮೆಕ್ಕೆಜೋಳಕ್ಕೆ ಗಿಡ ಬೆಳೆಯುವ ಹಂತದಲ್ಲಿ ಈ ಗುಣಕ 0.40, ಹೂವಿನ ಹಂತದಲ್ಲಿ 1.50, ಕಾಳು ತುಂಬುವಾಗ 0.50, ಬಲಿಯುವಾಗ 0.20. ಶೇ 20ರಷ್ಟು ನೀರು ಕಡಿಮೆಯಾದರೆ ಎಳೆಯ ಗಿಡದಲ್ಲಿ ನಷ್ಟ ಶೇ 8, ಹೂವಿನಲ್ಲಿ ಶೇ 30. ಒಂದೇ ಬರಗಾಲಕ್ಕೆ ಬಿತ್ತನೆಯ ದಿನದ ಮೇಲೆ ನಾಲ್ಕು ಪಟ್ಟು ಬೇರೆ ಬೆಲೆ.

ಈ ನಿರ್ಣಾಯಕ ದಿನಗಳಲ್ಲೇ ಮಳೆಮಾಪಕ ಕೈಕೊಟ್ಟಿತು. 64ನೆಯ ದಿನ ರಾತ್ರಿ ಗುಡುಗು ಸಹಿತ ಚೆನ್ನಾಗಿ ಸುರಿಯಿತು. ಬೆಳಗ್ಗೆ ಬಯಲಿನ ಸಾದಾ ಮಾಪಕದಲ್ಲಿ 38 ಮಿ.ಮೀ. ಇತ್ತು, ಪೆಟ್ಟಿಗೆಯಲ್ಲಿ 9 ಮಾತ್ರ ದಾಖಲಾಗಿತ್ತು. ಆ ಒಂಬತ್ತರ ಆಕಾರವೇ ವಿಚಿತ್ರವಾಗಿತ್ತು: ಮಳೆ ನಿಂತ ಮೇಲೂ ಬೆಳಗಿನ ತನಕ, ನಿಯಮಿತ ಅಂತರದಲ್ಲಿ, ಒಂದೊಂದೇ ವಾಲುವಿಕೆ. ಮಳೆ ಹಾಗೆ ಬೀಳುವುದಿಲ್ಲ, ಕಟ್ಟಿಕೊಂಡ ಆಲಿಕೆ ಹಾಗೆ ಸೋರುತ್ತದೆ. ಹತ್ತಿರ ಹೋಗಿ ನೋಡಿದಾಗ ಆಲಿಕೆಯ ತುಂಬ ನೀರು ನಿಂತಿತ್ತು, ತಳದ ಜಾಲರಿಯ ಮೇಲೆ ಸೂಲಂಗಿಯಿಂದ ಉದುರಿದ ಹೊಟ್ಟು ಕೆನೆಯಂತೆ ಗಟ್ಟಿಯಾಗಿತ್ತು. ತಪ್ಪು ನನ್ನದೇ. ಬಿತ್ತುವ ಮೊದಲು ಖಾಲಿ ಹೊಲದ ಅಂಚಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಕಂಬ ನೆಟ್ಟಾಗ, ಎರಡು ತಿಂಗಳಲ್ಲಿ ಎರಡು ಮೀಟರ್ ಮೀರುವ ಗಿಡಗಳ ನೆರಳಿನಲ್ಲಿ ಅದು ಮುಳುಗುತ್ತದೆಂದು ಯೋಚಿಸಿರಲಿಲ್ಲ. ಸಾದಾ ಮಾಪಕ ಬಯಲಿನಲ್ಲಿದ್ದುದು ನನ್ನ ಜಾಣತನವಲ್ಲ, ಅಂಚಿನಲ್ಲಿ ಎರಡಕ್ಕೂ ಜಾಗ ಸಾಲದೆ ಹೋದದ್ದು.

ಬಟ್ಟಲಿನ ತಂತಿಯನ್ನು ಮೊದಲು ಬಿಡಿಸಿ, ನಿಂತ ನೀರನ್ನು ಅಳತೆಯ ಜಾಡಿಗೆ ಇಳಿಸಿದೆ. ಸುಮಾರು 900 ಮಿ.ಲೀ. ಸಿಕ್ಕಿತು, 28ರಿಂದ 29 ಮಿ.ಮೀ. ಮಳೆಗೆ ಸಮ. ಲೆಕ್ಕ ಕೂಡಿತು. ಈ ಅಂಕಿಯನ್ನು ಸೇರಿಸದಿದ್ದರೆ ತೊಟ್ಟಿಯ ಲೆಕ್ಕದಲ್ಲಿ ಬರ ಇನ್ನೂ ಐದು ದಿನ ಮುಂದುವರಿದಂತೆ ಕಾಣುತ್ತಿತ್ತು, ಹೂವಿನ ಹಂತದ ಗುಣಕ ಅದನ್ನು ಒಂದೂವರೆ ಪಟ್ಟು ಮಾಡುತ್ತಿತ್ತು. ಸುತ್ತಲಿನ ಯಾವುದೇ ಅಡ್ಡಿಯ ಎತ್ತರದ ಎರಡರಷ್ಟು ದೂರ ಇರಬೇಕೆಂಬ ನಿಯಮದಂತೆ ಮಾಪಕವನ್ನು ಸಾಲಿನಿಂದ ಐದು ಮೀಟರ್ ಆಚೆಗೆ ಸಾಗಿಸಿದೆ. ಜಾಲರಿಯನ್ನು ಚಪ್ಪಟೆಯಾಗಿಡದೆ ಶಂಕುವಿನಂತೆ ಮೇಲಕ್ಕೆತ್ತಿ ಕೂರಿಸಿದೆ, ಕಸ ಬದಿಗೆ ಜಾರಿದರೂ ತುದಿಯ ಕಣ್ಣುಗಳು ತೆರೆದಿರುತ್ತವೆ.

70ನೆಯ ದಿನ: ತೇವಾಂಶದ ಸೆನ್ಸರ್

ಆ ಒಣದಿನಗಳಲ್ಲಿ ಬಿಸಿಲೂ ಹೆಚ್ಚಿತ್ತು. ಎಲೆ ಸುರುಳಿ ಸುತ್ತಿದ್ದು ನೀರಿಲ್ಲದ್ದಕ್ಕೋ ಬಿಸಿಗೋ ಎಂದು ಬೇರ್ಪಡಿಸಲು ಸಾಧ್ಯವೇ ಎಂದು ಯೋಚಿಸಿ, ಗಾಳಿಯ ತೇವಾಂಶ ಅಳೆಯುವ ಸೆನ್ಸರ್ ಒಂದನ್ನೂ ತಟ್ಟೆಗಳ ನಡುವೆ ತೂಗುಹಾಕಿದೆ. ಬೇರ್ಪಡಿಸುವುದು ಕಷ್ಟ ಎಂಬುದೇ ಅದರಿಂದ ಕಲಿತದ್ದು. 25 ಡಿಗ್ರಿಯ ಗಾಳಿ ಗರಿಷ್ಠ 3.17 ಕಿಲೋಪಾಸ್ಕಲ್ ಒತ್ತಡದಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, 35 ಡಿಗ್ರಿಯದು 5.62. ಗಾಳಿಯಲ್ಲಿ ನಿಜವಾಗಿ ಇರುವ ಆವಿ ಎರಡೂ ಹೊತ್ತು 2 ಕಿಲೋಪಾಸ್ಕಲ್ ಎಂದರೆ, ಬೆಳಗ್ಗೆ 1.17 ಇದ್ದ ಕೊರತೆ ಮಧ್ಯಾಹ್ನ 3.62 ಆಗುತ್ತದೆ. ಹತ್ತು ಡಿಗ್ರಿ ಏರಿದಾಗ ಎಲೆಯಿಂದ ನೀರನ್ನು ಎಳೆಯುವ ಬಲ ಮೂರು ಪಟ್ಟಾಯಿತು. ತಾಪ ಎಂದರೆ ಒಂದು ಪಾಲು ಬಾಯಾರಿಕೆಯೇ. 2011ರಲ್ಲಿ ಲೋಬೆಲ್ ಮತ್ತು ಸಂಗಡಿಗರು ಆಫ್ರಿಕಾದ 20,000ಕ್ಕೂ ಹೆಚ್ಚು ಮೆಕ್ಕೆಜೋಳದ ಪ್ರಯೋಗಗಳ ದಾಖಲೆಯನ್ನು ಪರಿಶೀಲಿಸಿದಾಗ ಕಂಡದ್ದೂ ಇದಕ್ಕೆ ಹೊಂದುತ್ತದೆ: 30 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿ-ದಿನಕ್ಕೆ ಒಳ್ಳೆಯ ಮಳೆಯಿರುವಲ್ಲಿ ಇಳುವರಿ ಶೇ 1 ಕುಸಿದರೆ, ಬರವಿರುವಲ್ಲಿ ಶೇ 1.7 ಕುಸಿಯುತ್ತದೆ.

ಇದೇ ಪೆಟ್ಟಿಗೆಯನ್ನು ಭತ್ತದ ಗದ್ದೆಗೆ ಒಯ್ಯುವವರು ಅಂಕಣಗಳನ್ನು ಬದಲಿಸಬೇಕು. ಭತ್ತದ ಹೂವು ಅರಳಿರುವ ಹೊತ್ತಿನಲ್ಲಿ ತಾಪಮಾನ 35 ಡಿಗ್ರಿಯನ್ನು ದಾಟಿದರೆ ಪರಾಗಸ್ಪರ್ಶ ಕೆಟ್ಟು ಕಾಳು ಜೊಳ್ಳಾಗುತ್ತದೆ, ಅಲ್ಲಿ ಬೇಕಾದದ್ದು ಹೂಬಿಡುವ ಹೊತ್ತಿನ ದಾಖಲೆ. ರಾತ್ರಿಯ ತಾಪವೂ ಮುಖ್ಯ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ದಾಖಲೆಯಿಂದ ಪೆಂಗ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಒಣ ಹಂಗಾಮಿನ ಕನಿಷ್ಠ ತಾಪಮಾನ ಒಂದು ಡಿಗ್ರಿ ಏರಿದಾಗ ಇಳುವರಿ ಶೇ 10ರಷ್ಟು ಇಳಿದಿತ್ತು. ಗೋಧಿಯಲ್ಲಿ ಕಾಳು ತುಂಬುವ ಅವಧಿಯೇ ಬಿಸಿಗೆ ಮೊಟಕಾಗಿ ಕಾಳು ಸಣಕಲಾಗುತ್ತದೆ.

ಕಟಾವಿನ ನಂತರ

ಮೂರೂ ತಾಕುಗಳ ಕಾಳನ್ನು ಬೇರೆಬೇರೆಯಾಗಿ ತೂಗಿದೆ. ತೂಗುವಾಗಿನ ತೇವಾಂಶ ಒಂದೊಂದರಲ್ಲಿ ಒಂದೊಂದು ಇದ್ದುದರಿಂದ ಎಲ್ಲವನ್ನೂ ಶೇ 14ಕ್ಕೆ ತಂದೆ. ಶೇ 20 ತೇವವಿರುವ 10 ಕಿಲೋ ಕಾಳು ಶೇ 14ರಲ್ಲಿ 9.3 ಕಿಲೋ ಮಾತ್ರ. ಈ ಹೆಜ್ಜೆ ಬಿಟ್ಟರೆ ಹಸಿ ಕಾಳಿನ ತಾಕು ಸುಮ್ಮನೆ ಗೆದ್ದುಬಿಡುತ್ತದೆ.

ತೂಗುವ ಮೊದಲೇ ಪೆಟ್ಟಿಗೆಯ ಅಂಕಿಗಳಿಂದ ಒಂದು ಕ್ರಮ ಬರೆದಿಟ್ಟಿದ್ದೆ. ಮೂರು ತಾಕುಗಳಿಗೂ ಬಿತ್ತನೆಯಿಂದ ಕಟಾವಿನವರೆಗೆ ಸಿಕ್ಕ ಒಟ್ಟು ಮಳೆ ಹತ್ತಿರಹತ್ತಿರವೇ ಇತ್ತು, ಆದರೆ ಒಣದಿನಗಳು ಮೊದಲನೆಯದರ ಹೂವಿನ ಮೇಲೆ, ಎರಡನೆಯದರ ಬೆಳೆಯುವ ಗಿಡದ ಮೇಲೆ, ಮೂರನೆಯದರ ಇನ್ನೂ ಎಳೆಯ ಪೈರಿನ ಮೇಲೆ ಬಿದ್ದಿದ್ದವು. ಹಾಗಾಗಿ ಮೂರನೆಯದು ಮೇಲು, ಎರಡನೆಯದು ನಡು, ಮೊದಲನೆಯದು ಕೊನೆ ಎಂದು ಊಹಿಸಿದ್ದೆ. ಮೊದಲನೆಯದು ಕೊನೆಗೇ ಬಂತು. ಆದರೆ ಮೂರನೆಯದು ಎರಡನೆಯದಕ್ಕಿಂತ ಕೆಳಗಿತ್ತು.

ದಾಖಲೆಯನ್ನು ಹಿಂದಕ್ಕೆ ತಿರುವಿದಾಗ 36ರಿಂದ 40ನೆಯ ದಿನದವರೆಗಿನ ಸತತ ಮಳೆ ಕಣ್ಣಿಗೆ ಬಿತ್ತು. ಮೂರನೆಯ ತಾಕು ಬಿತ್ತಿ ಆಗ ವಾರ ಕಳೆದಿತ್ತಷ್ಟೆ. ಮೆಕ್ಕೆಜೋಳದ ಬೆಳೆಯುವ ಮೊಗ್ಗು ಐದಾರು ಎಲೆ ಮೂಡುವವರೆಗೆ ಮಣ್ಣಿನ ಕೆಳಗೇ ಇರುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಸಸಿ ಉಸಿರುಗಟ್ಟುತ್ತದೆ, ಸಾರಜನಕವೂ ಬಸಿದು ಇಲ್ಲವೇ ಅನಿಲವಾಗಿ ಹೋಗುತ್ತದೆ. ಆ ತಾಕಿನಲ್ಲಿ ಸಸಿಗಳ ಎಣಿಕೆ ಕಡಿಮೆಯಿದ್ದುದನ್ನು ನಾನೇ ಬರೆದುಕೊಂಡಿದ್ದೆ, ಹಕ್ಕಿಗಳ ಕೆಲಸವೆಂದು ಭಾವಿಸಿದ್ದೆ. ನನ್ನ ತೊಟ್ಟಿಯ ಹಾಳೆಯಲ್ಲಿ ತುಂಬಿ ಮಿಕ್ಕ ನೀರೆಲ್ಲ ಬಸಿದುಹೋಯಿತೆಂದು ಅದೇ ದಿನ ಅಳಿಸಿಹೋಗುತ್ತದೆ, ಕೊರತೆಗೆ ಅಂಕಣವಿದೆ, ಅತಿಯಾದದ್ದಕ್ಕೆ ಇಲ್ಲ.

ಈಗ ಒಂದು ಅಂಕಣ ಹೊಸದಾಗಿ ಸೇರಿದೆ: ತೊಟ್ಟಿ ತುಂಬಿ, ಅದರ ಮೇಲೆ ದಿನದ ಖರ್ಚಿಗಿಂತ ಹೆಚ್ಚು ಮಳೆ ಬಿದ್ದ ದಿನಗಳ ಸತತ ಎಣಿಕೆ. ಇಳಿಜಾರಿನ ಕೆಳಗಿರುವ ಮೂರನೆಯ ತಾಕಿನಲ್ಲಿ ನೀರು ನಿಜವಾಗಿ ಎಷ್ಟು ದಿನ ನಿಲ್ಲುತ್ತದೆಂದು ನೋಡಲು, ಬದಿಗೆ ತೂತು ಕೊರೆದ ಪೈಪೊಂದನ್ನು 60 ಸೆಂ.ಮೀ. ಆಳಕ್ಕೆ ಇಳಿಸಿ, ಒಳಗೆ ತೇಲುವ ಬೆಂಡಿಗೆ ಗುರುತಿನ ಕಡ್ಡಿ ಸಿಕ್ಕಿಸಿದ್ದೇನೆ. ಮುಂದಿನ ಬಿತ್ತನೆಯಲ್ಲಿ ಆ ಕಡ್ಡಿ ಮೇಲೆದ್ದ ದಿನಗಳನ್ನು ಹೊಸ ಅಂಕಣದ ಎಣಿಕೆಯೊಂದಿಗೆ ತಾಳೆ ನೋಡಬೇಕಿದೆ.